ಒಂದು ಕಾಫಿ ಬೇಕಿತ್ತು...

ಆಫೀಸಿನ ಕೆಲಸದ ಮೇಲೆ ಪ್ಯಾರಿಸ್ಸಿಗೆ ಹೋದ ಮೊದಲ ದಿನವೇ ಒಂದು ಪುಟ್ಟ ಕೆಫೆಯಲ್ಲಿ ನನಗೆ ಮಂಗಳಾರತಿ ಆಯ್ತು. ಕುರ್ಚಿ ಎಳೆದು ಕೂತವನೇ "ಒನ್ ಕಾಫಿ, ಪ್ಲೀಸ್" ಅಂದೆ. ವೇಟರ್ ನನ್ನನ್ನೇ ನೋಡುತ್ತಾ ನಿಧಾನವಾಗಿ "ಬೋಂಜೂರ್, ಮಿಸ್ಯೂ" ಅಂದು ಸುಮ್ಮನೆ ನಿಂತುಬಿಟ್ಟ. ಪ್ಲೀಸ್ ಅಂದಿದ್ದೀನಲ್ಲಪ್ಪ, ಏನು ಕೊಬ್ಬು ಇವನಿಗೆ ಅನ್ನಿಸಿತು. ಅಲ್ಲೇ ನೆಲೆಸಿರುವ ಗೆಳೆಯ ಆಮೇಲೆ ನಗುತ್ತಾ ಹೇಳಿದ, "ಇಲ್ಲಿ ನಮಸ್ಕಾರ ಹೇಳದೆ ಏನು ಕೇಳಿದ್ರೂ ಒರಟುತನ ಕಣೋ."

ಅವನು ಕಲಿಸಿದ ಪಾಠ ಇಷ್ಟು. ಮೊದಲು "ಬೋಂಜೂರ್", ಸಂಜೆಯಾದರೆ "ಬೋನ್‌ಸ್ವಾರ್". ಆಮೇಲೆ "ಝ ವೂದ್ರೆ ಅಂ ಕಫೆ, ಸಿಲ್ ವು ಪ್ಲೆ". ಬರುವುದು ಪುಟ್ಟ ಕಪ್ಪಿನ ಕರಿ ಎಸ್ಪ್ರೆಸ್ಸೋ. ಹಾಲು ಬೇಕಿದ್ದರೆ "ಕಫೆ ಕ್ರೆಮ್" ಅನ್ನಬೇಕು. ನೇರವಾಗಿ "ಝ ವ", ಅಂದರೆ "ನಂಗೆ ಬೇಕು" ಅಂದರೆ ಮಕ್ಕಳು ಹಟ ಮಾಡಿದ ಹಾಗೆ. "ಗಾರ್ಸೋಂ" ಅಂತ ಕರೆಯೋದಂತೂ ಬೇಡವೇ ಬೇಡ, ಅದರರ್ಥ "ಹುಡುಗ". ಊಟದ ಜೊತೆ "ಯೂನ್ ಕರಾಫ್ ದೋ" ಕೇಳಿದರೆ ನಲ್ಲಿ ನೀರು ಪುಕ್ಕಟೆ. ಅದನ್ನು ಕೇಳಬಹುದು ಅಂತ ಗಿರಾಕಿಗೆ ಕಾಣುವಂತೆ ಬರೆಯಬೇಕೆಂದು 2022ರ ಜನವರಿಯಿಂದ ಕಾನೂನೇ ಇದೆ!

"ವೂದ್ರೆ"ಯನ್ನು ಬಾಯಿಪಾಠ ಮಾಡುತ್ತಿದ್ದಾಗ ಅಜ್ಜ ನೆನಪಾದರು. ಹೋಟೆಲಿಗೆ ಹೋದರೆ ಅವರು "ಒಂದು ಕಾಫಿ ಬೇಕಿತ್ತಲ್ಲಾ" ಅನ್ನುತ್ತಿದ್ದರು. ಬೇಕಾಗಿರೋದು ಈಗ, ಆದರೆ ಕೇಳೋದು ಭೂತಕಾಲದಲ್ಲಿ! ಬೇಡಿಕೆಯ ಮೊನೆ ಅಷ್ಟರಲ್ಲೇ ಮೊಂಡಾಗುತ್ತದೆ. ಫ್ರೆಂಚರ "ವು", "ತ್ಯು" ನಮ್ಮ "ನೀವು", "ನೀನು" ಇದ್ದ ಹಾಗೇ. ಕನ್ನಡದಲ್ಲಿ ಪ್ಲೀಸ್‌ಗೆ ಸರಿಯಾದ ಪದವಿಲ್ಲ, "ದಯವಿಟ್ಟು" ಅಂದರೆ ಬೋರ್ಡು ಓದಿದ ಹಾಗಿರುತ್ತೆ ಅಂತ ಕೊರಗುವವರಲ್ಲಿ ನಾನೂ ಒಬ್ಬ. ನಮ್ಮ ವಿನಯವೆಲ್ಲ ಕ್ರಿಯಾಪದದ ಬಾಲದಲ್ಲೇ ಇದೆ: ಕೊಡಿ, ಕೊಡ್ತೀರಾ, ಬೇಕಿತ್ತು.

ಬೆಂಗಳೂರಿಗೆ ವಾಪಸ್ ಬಂದ ಮರುದಿನ ಬೆಳಿಗ್ಗೆ ದರ್ಶಿನಿಯೊಂದರಲ್ಲಿ "ಏಯ್, ಒಂದು ಬೈಟು ಕೊಡೋ" ಅಂದದ್ದು ಇದೇ ಬಾಯಿ. ಲೋಟ ಮುಂದೆ ತಳ್ಳಿದವರಿಗೆ ನಮ್ಮಪ್ಪನ ವಯಸ್ಸು. ಪ್ಯಾರಿಸ್ಸಿನವನು ನಿಂತು ತಿದ್ದಿದ್ದ. ಇವರು ತಲೆ ಕೂಡ ಎತ್ತಲಿಲ್ಲ, ಅಷ್ಟು ಅಭ್ಯಾಸವಾಗಿದೆ ಅವರಿಗೆ. ಆ ಕಾಫಿ ಯಾಕೋ ಗಂಟಲಲ್ಲಿ ಇಳಿಯಲಿಲ್ಲ.

ಈಗ ನಾನೂ "ಬೇಕಿತ್ತು" ಅನ್ನೋಕೆ ಶುರುಮಾಡಿದ್ದೀನಿ. ಮೊದಲ ದಿನ ಅವರು ಆಶ್ಚರ್ಯದಿಂದ ತಲೆ ಎತ್ತಿ ನೋಡಿದರು. ನೀವು ಹೇಗೆ ಕೇಳ್ತೀರಿ?