ಅಪ್ಪನ ಕೊರಳಿನ ಟ್ಯೂಬ್

ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ವಾರಗಟ್ಟಲೆ ಐಸಿಯುನಲ್ಲಿದ್ದ ಅಪ್ಪ ಮನೆಗೆ ಬಂದಾಗ ಕೊರಳಲ್ಲೊಂದು ಟ್ಯೂಬ್ ಇತ್ತು. ಟ್ರೇಕಿಯಾಸ್ಟಮಿ. ಡಿಸ್ಚಾರ್ಜ್ ದಿನ ನರ್ಸ್ ಒಬ್ಬರು ಒಂದೇ ಒಂದು ಸಲ ಸಕ್ಷನ್ ಮಾಡಿ ತೋರಿಸಿ, ‘ಹೀಗೇ ಮಾಡ್ತಾ ಇರಿ’ ಎಂದರು. ಅಮ್ಮ ತಲೆಯಾಡಿಸಿದಳು. ನಾನು ಬಿಲ್ ಕೌಂಟರ್‌ನ ಸಾಲಿನಲ್ಲಿದ್ದೆ.

ನಾಲ್ಕನೇ ರಾತ್ರಿ ಅಪ್ಪನ ಉಸಿರು ಸೀಟಿಯಂತೆ ಕೇಳತೊಡಗಿತು. ಸಕ್ಷನ್ ಪೈಪ್ ಒಳಗೇ ಹೋಗುತ್ತಿಲ್ಲ. ಅಪ್ಪನಿಗೆ ಕೂಗಲೂ ಆಗದು. ಗಾಳಿ ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲವಲ್ಲ. ಮಂಚದ ಪಟ್ಟಿಗೆ ಬಡಿಯುತ್ತಿದ್ದ. ಎದುರು ಮನೆಯ, ನರ್ಸಿಂಗ್ ಓದುವ ಅಕ್ಕ ಓಡಿಬಂದು ಟ್ಯೂಬಿನೊಳಗಿನ ಇನ್ನೊಂದು ಟ್ಯೂಬನ್ನು ತಿರುಗಿಸಿ ಹೊರತೆಗೆದರು. ತುಂಬಾ ಒಣಗಿದ ಕಫ. ಒಳಗೊಂದು ಟ್ಯೂಬ್ ಇದೆ, ಅದನ್ನು ದಿನವೂ ತೆಗೆದು ತೊಳೆಯಬೇಕು ಎಂಬುದೇ ನಮಗೆ ಗೊತ್ತಿರಲಿಲ್ಲ!

ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಪೈಪಿನ ವ್ಯಾಸ ಅರ್ಧವಾದರೆ, ನಯವಾದ ಹರಿವಿನಲ್ಲೂ ಪ್ರತಿರೋಧ 16 ಪಟ್ಟಾಗುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವನು. ಆ ಪೈಪ್ ಅಪ್ಪನ ಕೊರಳಲ್ಲಿದ್ದಾಗ ಅದು ಹೊಳೆಯಲೇ ಇಲ್ಲ.

ಉಳಿದದ್ದನ್ನೂ ಆಮೇಲೆ ಕಲಿತೆವು. ಮೂಗು ಗಾಳಿಯನ್ನು ಬೆಚ್ಚಗೆ, ತೇವವಾಗಿ ಒಳಗೆ ಕಳಿಸುತ್ತದೆ. ಟ್ಯೂಬ್‌ನಲ್ಲಿ ಉಸಿರಾಡುವವರಿಗೆ ಅದಿಲ್ಲ, ಕಫ ಗಟ್ಟಿಯಾಗುತ್ತದೆ. ಸಕ್ಷನ್ ಪೈಪ್ ಒಳಹಾಕುವಾಗ ಎಳೆತ ಇರಬಾರದು, ಹೊರತೆಗೆಯುವಾಗ ಮಾತ್ರ, ಅದೂ 10–15 ಸೆಕೆಂಡಿನೊಳಗೆ. ಹೆಚ್ಚು ಹೊತ್ತಾದರೆ ಆಮ್ಲಜನಕ ಇಳಿಯುತ್ತದೆ, ಒರಟಾದರೆ ರಕ್ತ ಬರುತ್ತದೆ. ಕೊರಳ ಪಟ್ಟಿ ಸಡಿಲಾದರೆ ಒಂದು ಜೋರು ಕೆಮ್ಮಿಗೆ ಟ್ಯೂಬೇ ಹೊರಬರಬಹುದು.

ನರ್ಸ್‌ಗಳ ಮೇಲೆ ನನಗೆ ಸಿಟ್ಟಿಲ್ಲ. ಆ ವಾರ್ಡಿನಲ್ಲಿ ಅವರು ಊಟಕ್ಕೆ ಕೂತಿದ್ದನ್ನೇ ನಾ ಕಾಣೆ. ಆದರೆ ನಮ್ಮ ವರ್ಕ್‌ಶಾಪ್‌ನಲ್ಲಿ ಲೇಥ್ ಮುಟ್ಟುವ ಮುನ್ನ ತೋರಿಸುತ್ತಾರೆ, ಎದುರಿಗೇ ನಿಂತು ನಮ್ಮಿಂದ ಮಾಡಿಸುತ್ತಾರೆ, ಆಮೇಲಷ್ಟೇ ಬಿಡುತ್ತಾರೆ. ಒಂದು ಕಬ್ಬಿಣದ ತುಂಡಿಗೆ ಇಷ್ಟು! ಮನೆಯವರ ಕೈಯಿಂದ ನಾಲ್ಕಾರು ಸಲ ಸಕ್ಷನ್ ಮಾಡಿಸದೆ, ಒಳಟ್ಯೂಬ್ ತೆಗೆಸಿ ಹಾಕಿಸದೆ ಯಾವ ಆಸ್ಪತ್ರೆಯೂ ಇಂಥ ರೋಗಿಯನ್ನು ಮನೆಗೆ ಕಳಿಸಬಾರದು. ನಮಗೆ ಕೊಟ್ಟ ಹಾಳೆಗಳೆಲ್ಲ ಇಂಗ್ಲಿಷಿನವು. ಏಳನೇ ಕ್ಲಾಸ್ ಓದಿದ ಅಮ್ಮನಿಗೆ ಕನ್ನಡದ ಒಂದು ಹಾಳೆ ಸಾಕಿತ್ತು. ಸಕ್ಷನ್ ಯಂತ್ರ ಕೊಳ್ಳಿ ಎಂದವರು, ಕರೆಂಟ್ ಹೋದಾಗ ಏನು ಮಾಡಬೇಕು, ಕಾಲಲ್ಲಿ ತುಳಿಯುವ ಪಂಪೂ ಸಿಗುತ್ತದೆ ಎಂದು ಹೇಳಲಿಲ್ಲ.

ಮೂರು ತಿಂಗಳಿಗೆ ಅಪ್ಪನ ಟ್ಯೂಬ್ ತೆಗೆದರು. ನಮ್ಮ ಯಂತ್ರ ಈಗ ಪಕ್ಕದ ಬೀದಿಯ ಮನೆಯೊಂದರಲ್ಲಿದೆ. ಕೊಡಲು ಹೋದ ಅಮ್ಮ ಅರ್ಧ ದಿನ ಅಲ್ಲೇ ಕೂತು, ಅವರ ಸೊಸೆಯ ಕೈಯಿಂದಲೇ ಎಲ್ಲ ಮಾಡಿಸಿ ಬಂದಳು.