ಬಾಟಲಿ ಮೇಲೆ ಇಸವಿ, ನಮ್ಮ ಚೀಲದ ಮೇಲೆ ಏನು?

ಕೆಂಗೇರಿ ದಾಟಿ ತಾವರೆಕೆರೆ ಕಡೆ ಹೋದರೆ ನನ್ನ ಎರಡು ಎಕರೆ ಜಮೀನು. ಅದರ ಒಂದು ಮೂಲೆಯಲ್ಲಿ ಅರ್ಧ ಎಕರೆಯಷ್ಟು ಕಲ್ಲುಕಂಬಗಳು ಇವತ್ತಿಗೂ ನಿಂತಿವೆ. ಒಂದು ಕಾಲಕ್ಕೆ ಅವು ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರ ಹೊತ್ತಿದ್ದವು. ಈಗ ಹೀರೆ ಬಳ್ಳಿ ಹಬ್ಬಿದೆ.

ಕಳೆದ ಯುಗಾದಿಗೆ ವಿಜಯನಗರದಿಂದ ಅಕ್ಕನ ಮಗ ಬಂದಿದ್ದ. ಕಂಪ್ಯೂಟರ್ ಕೆಲಸದವನು. ಕಂಬ ನೋಡಿದವನೇ, "ಮಾವ, ಕಂಬ ಹೇಗೂ ಇದೆ. ಕ್ಯಾಬರ್ನೆ ದ್ರಾಕ್ಷಿ ಹಾಕಿ. ಅದರ ಕೆಂಪು ವೈನ್ ಬಾಟಲಿಗೆ ಸಾವಿರಾರು ರೂಪಾಯಿ. ಕೆಲವರು ಕುಡಿಯೋದೇ ಇಲ್ಲ, ವರ್ಷಗಟ್ಟಲೆ ಇಟ್ಕೊಳ್ತಾರೆ. ಇಟ್ಟಷ್ಟೂ ಬೆಲೆ!" ಅಂದ.

ನಾನು ಕುಡಿಯುವವನಲ್ಲ, ಕುಡಿತದ ಪರ ಬರೆಯುತ್ತಲೂ ಇಲ್ಲ. ಆದರೆ ದ್ರಾಕ್ಷಿ ಬೆಳೆದವನಾದ್ದರಿಂದ ಅವನ ಮಾತು ತಲೆಯಲ್ಲಿ ಉಳಿಯಿತು. ಕೊಳೆಯುವ ಮುಂಚೆ ಮಾರಿದರೆ ಸಾಕಪ್ಪಾ ಅಂತ ನಾನು ಓಡಾಡಿದ ಹಣ್ಣು, ಇನ್ನೊಬ್ಬರ ಕೈಯಲ್ಲಿ ಹತ್ತು ವರ್ಷ ಇಟ್ಟು ಮಾರುವ ಸರಕಾಗುವುದು ಹೇಗೆ?

ನಂದಿಯ ತಪ್ಪಲಲ್ಲಿ

ಉತ್ತರ ಹುಡುಕಲು ಫ್ರಾನ್ಸಿಗೇನೂ ಹೋಗಬೇಕಿಲ್ಲ. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ, ಕನ್ವಲ್ ಗ್ರೋವರ್ ಅವರು 1988ರಲ್ಲಿ ವೈನ್ ದ್ರಾಕ್ಷಿಯ ತೋಟ ಶುರುಮಾಡಿದರು. ತಳಿಗಳು ಫ್ರಾನ್ಸಿನವು, ಮಣ್ಣು ನಮ್ಮದೇ ಕೆಂಪು ಮಣ್ಣು. ಕ್ಯಾಬರ್ನೆ ಸುವಿನ್ಯೊನ್ ಮತ್ತು ಶಿರಾಜ್ ಬೆರೆಸಿದ 'ಲಾ ರಿಸರ್ವ್' ಎಂಬ ಅವರ ಕೆಂಪು ವೈನ್‌ಗೆ ಬೋರ್ಡೊ ಸೀಮೆಯ ಹೆಸರಾಂತ ತಜ್ಞ ಮಿಷೆಲ್ ರೋಲಾಂ 1990ರ ದಶಕದಿಂದ ಸಲಹೆ ಕೊಟ್ಟರು. 2005ರಲ್ಲಿ ಇಂಗ್ಲೆಂಡಿನ 'ಡಿಕ್ಯಾಂಟರ್' ಪತ್ರಿಕೆ ಅದನ್ನು ಹೊಗಳಿತು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜೊತೆ ಸೇರಿ ಅದು ಗ್ರೋವರ್ ಜಂಪಾ ಆಯಿತು. ಹಂಪಿ ಸೀಮೆಯ ಗುಡ್ಡದ ಮೇಲೆ ಕ್ರಸ್ಮಾ ಎಂಬ ಇನ್ನೊಂದು ಎಸ್ಟೇಟ್ ಇದೆ. ಅದೂ ಕ್ಯಾಬರ್ನೆಗೇ ಹೆಸರುವಾಸಿ.

ಇವರ ಬೇಸಾಯ ನಮ್ಮದಕ್ಕೆ ಪೂರ್ತಿ ಉಲ್ಟಾ. ಬೆಂಗಳೂರು ಬ್ಲೂನಲ್ಲಿ ನಾವು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತೇವೆ. ಅವರು ಏಪ್ರಿಲ್ ಸುಮಾರಿಗೆ ಒಂದು ಸಲ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಂದು ಸಲ ಬಳ್ಳಿ ಸವರುತ್ತಾರೆ, ಬೆಳೆ ಮಾತ್ರ ಒಂದೇ. ಬೇಸಿಗೆ ಏರುವ ಹೊತ್ತಿಗೆ ಕಟಾವು. ನನ್ನ ಅರ್ಧ ಎಕರೆಯಲ್ಲಿ ಒಂದು ಬೆಳೆಗೆ ಮೂರು ಟನ್ ಬಂದರೆ ನಾನು ಮೀಸೆ ತಿರುವುತ್ತಿದ್ದೆ. ಒಳ್ಳೆಯ ಕೆಂಪು ವೈನ್ ಮಾಡುವವರು ಇಡೀ ಎಕರೆಗೆ ಎರಡು-ಮೂರು ಟನ್ ಸಾಕು ಅನ್ನುತ್ತಾರೆ. ಹೆಚ್ಚು ಕಚ್ಚಿದ ಗೊಂಚಲನ್ನು ಕತ್ತರಿಸಿ ನೆಲಕ್ಕೆ ಹಾಕುವುದೂ ಉಂಟು. ಉಳಿದ ಹಣ್ಣಿಗೆ ಬಣ್ಣ, ಒಗರು, ಪರಿಮಳ ತುಂಬಲಿ ಎಂದು.

ಕಪ್ಪು ದ್ರಾಕ್ಷಿಯ ರಸಕ್ಕೆ ಸಾಮಾನ್ಯವಾಗಿ ಬಣ್ಣವಿಲ್ಲ. ಬಣ್ಣ ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ಬೀಜದ ಸಮೇತ ಹುದುಗಿಸಿದಾಗ ಬಣ್ಣದ ಜೊತೆ ಒಗರೂ ಇಳಿಯುತ್ತದೆ. ವೈನ್ ವರ್ಷಗಟ್ಟಲೆ ಕೆಡದೆ ಉಳಿಯಲು ಈ ಒಗರು ಬೇಕು. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಒಂದು ಪೀಪಾಯಿಗೆ 225 ಲೀಟರ್, ಅಂದರೆ 300 ಬಾಟಲಿ.

ಇಡುವ ಜಾಗವೂ ಮುಖ್ಯ. ನಮ್ಮ ತಾತ ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರಲ್ಲ, ಅದೇ ಲೆಕ್ಕ. ನೆಲದೊಳಗೆ, ಕತ್ತಲಲ್ಲಿ, 12-13 ಡಿಗ್ರಿ ತಂಪಿನಲ್ಲಿ ಬಾಟಲಿ ಮಲಗಿಸುತ್ತಾರೆ. ಅಕ್ಕನ ಮಗನ ಸ್ನೇಹಿತರೊಬ್ಬರು ಬಸವೇಶ್ವರನಗರದ ಮನೆಯಲ್ಲಿ ದುಬಾರಿ ಬಾಟಲಿಯನ್ನು ಆರು ವರ್ಷ ಬೀರುವಿನ ಮೇಲೆ ನಿಲ್ಲಿಸಿಟ್ಟು, ಮಗಳ ಮದುವೆಗೆ ತೆಗೆದರಂತೆ. ಬಾಯಿಗೆ ಇಡಲಾಗಲಿಲ್ಲವಂತೆ! ಅಷ್ಟಕ್ಕೂ ಎಲ್ಲ ವೈನೂ ಇಟ್ಟಷ್ಟು ಚೆನ್ನಾಗುವುದಿಲ್ಲ. ಹೆಚ್ಚಿನವು ಎರಡು-ಮೂರು ವರ್ಷದಲ್ಲಿ ಮುಗಿಸಬೇಕಾದವು. ನೂರರಲ್ಲಿ ಕೆಲವಕ್ಕೆ ಮಾತ್ರ ಆ ಯೋಗ.

ನಾಲ್ಕೂವರೆ ಎಕರೆ

ಇನ್ನು ಬೆಲೆ. ಒಂದು ಬಾಟಲಿಗೆ ಬೇಕಾಗುವುದು ಸುಮಾರು ಒಂದು ಕಿಲೋ ಹಣ್ಣು. ಸಾಧಾರಣ ವೈನಿಗೂ ಅಷ್ಟೇ, ಹೆಸರಾಂತ ವೈನಿಗೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಬೆಲೆಯಲ್ಲಿ ಅಷ್ಟೊಂದು ಅಂತರ ಎಲ್ಲಿಂದ ಬಂತು?

ಫ್ರಾನ್ಸಿನ ಬರ್ಗಂಡಿಯಲ್ಲಿ ರೊಮಾನೆ-ಕೊಂತಿ ಎಂಬ ತೋಟ ಇದೆ. ಜಗತ್ತಿನ ಅತಿ ದುಬಾರಿ ಕೆಂಪು ವೈನ್‌ಗಳಲ್ಲಿ ಒಂದು ಅಲ್ಲಿಯದು. ಆ ತೋಟದ ವಿಸ್ತೀರ್ಣ 1.8 ಹೆಕ್ಟೇರು, ನಮ್ಮ ಲೆಕ್ಕಕ್ಕೆ ನಾಲ್ಕೂವರೆ ಎಕರೆ! ನಮ್ಮ ಊರಿನಲ್ಲಾದರೆ ಅವರೂ ಸಣ್ಣ ಹಿಡುವಳಿದಾರರೇ. 1945ರಲ್ಲಿ ಅಲ್ಲಿ ಆದದ್ದು ಸುಮಾರು 600 ಬಾಟಲಿ. ಅದರಲ್ಲಿ ಒಂದು 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು ನಾಲ್ಕು ಕೋಟಿ ರೂಪಾಯಿ. ಇದು ಶ್ರೀಮಂತರ ಹುಚ್ಚು ಅನ್ನಿ, ನಾನೂ ಒಪ್ಪುತ್ತೇನೆ. ಆದರೆ ಅವರು ಕೊಂಡದ್ದೇನು ನೋಡಿ. ಇಂಥ ತೋಟ, ಇಂಥ ವರ್ಷ. ಚೀಟಿಯ ಮೇಲಿನ ಈ ಎರಡು ಮಾತಿಗೆ ಅಷ್ಟು ದುಡ್ಡು.

ಈ ಮಾತು ಸುಳ್ಳಾದರೆ ಏನಾಗುತ್ತದೆ ಎಂಬುದಕ್ಕೂ ಅಲ್ಲಿಯದೇ ಉದಾಹರಣೆ ಇದೆ. 2008ರಲ್ಲಿ ನ್ಯೂಯಾರ್ಕಿನಲ್ಲಿ ಬರ್ಗಂಡಿಯ ಪೊನ್ಸೊ ಮನೆತನದ ಹೆಸರಿನ ಹಳೆಯ ಬಾಟಲಿಗಳು ಹರಾಜಿಗೆ ಬಂದವು. ಕೆಲವುದರ ಮೇಲೆ ಕ್ಲೋ ಸಾಂ-ದೆನಿ ಎಂಬ ತಾಕಿನ ಹೆಸರು, 1945ರಿಂದ 1971ರವರೆಗಿನ ಇಸವಿಗಳು. ಬೆಳೆಗಾರ ಲೊರಾಂ ಪೊನ್ಸೊ ತಾವೇ ವಿಮಾನ ಹತ್ತಿ ಹೋದರು. "ಆ ತಾಕಿನ ವೈನನ್ನು ನಮ್ಮ ಮನೆತನ ಮಾಡಲು ಶುರುಮಾಡಿದ್ದೇ 1982ರಲ್ಲಿ" ಎಂಬುದು ಅವರ ವಾದ. ಬಾಟಲಿಗಳನ್ನು ಹರಾಜಿನಿಂದ ತೆಗೆಯಲಾಯಿತು. ಅವನ್ನು ಒದಗಿಸಿದ್ದ ರೂಡಿ ಕುರ್ನಿಯವಾನ್‌ಗೆ ನಕಲಿ ವೈನ್ ಮಾರಿದ ಮೋಸಕ್ಕಾಗಿ 2014ರಲ್ಲಿ 10 ವರ್ಷ ಜೈಲಾಯಿತು. ಯಾವ ತಾಕಿನಲ್ಲಿ ಯಾವ ವರ್ಷದಿಂದ ಏನು ಬೆಳೆದೆವು ಎಂಬುದು ಬೆಳೆಗಾರನಿಗೆ ಗೊತ್ತಿತ್ತು. ಅದರಿಂದಲೇ ಮೋಸ ಹೊರಬಿತ್ತು.

ನನ್ನ ಬಳಿ ಏನಿತ್ತು?

ಈಗ ನನ್ನ ಕಥೆ. ನನ್ನ ದ್ರಾಕ್ಷಿಯನ್ನು ಮೊದಲ ವರ್ಷ ಒಬ್ಬ ಖರೀದಿದಾರ ತೋಟಕ್ಕೇ ಬಂದು ಕೊಂಡ. "ಮುಂದಿನ ವರ್ಷವೂ ನಮಗೇ ಕೊಡಿ, ಬೇರೆಯವರಿಗೆ ಮಾತು ಕೊಡಬೇಡಿ" ಅಂದ. ನಂಬಿದೆ. ಮುಂದಿನ ವರ್ಷ ಹಣ್ಣು ಮಾಗಿದಾಗ ಒಬ್ಬ ಹುಡುಗ ಸಕ್ಕರೆ ಅಳೆಯುವ ಕೊಳವೆ ಹಿಡಿದು ಬಂದ. ಎರಡು ಹಣ್ಣು ಹಿಂಡಿ ನೋಡಿ, "ಸಿಹಿ ಸಾಲದು" ಅಂತ ಹೋದವನು ತಿರುಗಿ ಬರಲಿಲ್ಲ. ಎಷ್ಟು ಸಿಹಿ ಬೇಕು, ಯಾವಾಗ ಕೀಳಬೇಕು ಎಂದು ಕಾಗದದಲ್ಲಿ ಏನೂ ಇರಲಿಲ್ಲ. ಹಿಂದಿನ ವರ್ಷ ಎಷ್ಟಿತ್ತು ಎಂದು ತೋರಿಸಲು ನನ್ನ ಬಳಿ ಒಂದು ಪುಸ್ತಕವೂ ಇರಲಿಲ್ಲ. ಹಣ್ಣನ್ನು ಮಾರುಕಟ್ಟೆಯಲ್ಲಿ ಕೇಳಿದ ಬೆಲೆಗೆ ಸುರಿದು ಬಂದೆ. ಮೂರನೇ ವರ್ಷ ಬಳ್ಳಿ ಕಿತ್ತೆ. ಆ ದಿನ ಮನೆಯವಳು ಅನ್ನ ತಿನ್ನಲಿಲ್ಲ.

2007ರಲ್ಲಿ ನಮ್ಮ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ವೈನ್ ಮಂಡಳಿಯೂ ಇದೆ. 2013ರಲ್ಲಿ ಬೆಂಗಳೂರು ಬ್ಲೂಗೆ ಭೌಗೋಳಿಕ ಗುರುತು ಸಿಕ್ಕಿತು. ಸಂತೋಷವೇ. ಆದರೆ ರಾಜಾಜಿನಗರದ ತಳ್ಳುಗಾಡಿಯಲ್ಲಾಗಲಿ, ಮಾರುಕಟ್ಟೆಯ ಬುಟ್ಟಿಯ ಮೇಲಾಗಲಿ ಆ ಗುರುತಿನ ಚೀಟಿ ನನ್ನ ಕಣ್ಣಿಗೆ ಈವರೆಗೆ ಬಿದ್ದಿಲ್ಲ.

ಹಾಗಾಗಿ ಅಕ್ಕನ ಮಗನಿಗೆ ನಾನು ಹೇಳಿದ್ದು: ಕ್ಯಾಬರ್ನೆ ಹಾಕುವುದಿಲ್ಲ. ಬೆಲೆ ಇರುವುದು ಬಾಟಲಿಗೆ, ಹಣ್ಣಿಗಲ್ಲ. ಬಾಟಲಿ ಮಾಡಲು ಲೈಸೆನ್ಸು, ಟ್ಯಾಂಕು, ಪೀಪಾಯಿ, ತಂಪು ಕೋಣೆ, ಹತ್ತು ವರ್ಷ ಕಾಯುವ ತಾಕತ್ತು ಬೇಕು. ಹಣ್ಣು ಮಾತ್ರ ಬೆಳೆದರೆ ಇಳುವರಿ ಕಡಿಮೆ ಮಾಡಿದ ನಷ್ಟ ನನ್ನದು, ಇಸವಿ ಬರೆದ ಲಾಭ ಅವರದು.

ಹಾಕಲೇಬೇಕು ಅನ್ನುವವರು ಕಿಲೋ ದರ, ಬೇಕಾದ ಸಿಹಿ, ಕಟಾವಿನ ಸಮಯ, ಹಣ್ಣು ಎತ್ತದಿದ್ದರೆ ಪರಿಹಾರ, ಇಷ್ಟನ್ನೂ ಗಿಡ ನೆಡುವ ಮುಂಚೆಯೇ ಕಾಗದದ ಮೇಲೆ ಬರೆಸಿಕೊಳ್ಳಿ. ಎಕರೆಗೆ ಎರಡು ಟನ್ ಸಾಕು ಅನ್ನುವ ಕಂಪನಿ ದರವನ್ನು ಟನ್ನಿಗಲ್ಲ, ಎಕರೆಗೆ ಕಟ್ಟಿಕೊಡಲಿ. ಇಂಥ ಕರಾರಿಗೆ ಒಂದು ನಮೂನೆ ಮಾಡಿಕೊಡುವುದು ಮಂಡಳಿಗೆ ದೊಡ್ಡ ಕೆಲಸವೇನಲ್ಲ.

ಆದರೆ ಆ ಬಾಟಲಿಯಿಂದ ಒಂದು ಬುದ್ಧಿ ಕಲಿತೆ. ಎರಡು ವರ್ಷದಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ತಾಕಿಗೆ ಯಾವಾಗ ಬಿತ್ತಿದೆ, ಮಳೆ ಯಾವಾಗ ಬಂತು, ಎಷ್ಟು ಆಯಿತು, ಎಲ್ಲ ಅದರಲ್ಲಿದೆ. ರಾಗಿಯನ್ನು ಐದೈದು ಕಿಲೋ ಚೀಲ ಮಾಡಿ, ಊರಿನ ಹೆಸರು ಮತ್ತು ಇಸವಿ ಬರೆದು ಬಸವೇಶ್ವರನಗರದ ಹನ್ನೆರಡು ಮನೆಗಳಿಗೆ ಕೊಡುತ್ತಿದ್ದೇನೆ. ಬೆಲೆ ಏನೂ ಆಕಾಶಕ್ಕೆ ಏರಿಲ್ಲ, ಸುಳ್ಳು ಯಾಕೆ? ಮೊನ್ನೆ ಒಬ್ಬ ತಾಯಿ ಮಾತ್ರ ಬಾಗಿಲಲ್ಲೇ ಕೇಳಿದರು: "ಹೋದ ವರ್ಷದ್ದು ಇನ್ನೂ ಸ್ವಲ್ಪ ಇದ್ಯಾ? ಅದರ ಮುದ್ದೆ ಚೆನ್ನಾಗಿತ್ತು."

ಮೂವತ್ತು ವರ್ಷದ ಬೇಸಾಯದಲ್ಲಿ ನನ್ನ ಬೆಳೆಯ ವರ್ಷವನ್ನು ಯಾರಾದರೂ ಕೇಳಿದ್ದು ಇದೇ ಮೊದಲು.