ಸೊನ್ನೆಯ ಜಾಗ

ನಮ್ಮತ್ತೆ ಅಕ್ಕಿ ಅಳೆಯುವಾಗ ಮೊದಲ ಪಾವಿಗೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು. ಆಮೇಲೆ ಎರಡು, ಮೂರು. ಎಣಿಕೆಯೆಂದರೆ ಕಣ್ಣಿಗೆ ಕಾಣುವುದರ ಲೆಕ್ಕ ತಾನೇ? ಹಾಗಾದರೆ ಇಲ್ಲದ್ದನ್ನು ಎಣಿಸೋದು ಹೇಗೆ?

ಅದಕ್ಕೂ ನಮ್ಮ ಹಿರಿಯರು ದಾರಿ ಕಂಡಿದ್ದರು. ಯಾವುದೇ ಸಂಖ್ಯೆಯಿಂದ ಅದನ್ನೇ ಕಳೆದರೆ ಉಳಿಯುವುದು ಶೂನ್ಯವೆಂದು ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಹೇಳಿ, ಅದನ್ನು ಕೂಡುವ, ಕಳೆಯುವ ನಿಯಮಗಳನ್ನೂ ಬರೆದ. ಗ್ವಾಲಿಯರಿನ ದೇವಸ್ಥಾನವೊಂದರ 876ರ ಶಾಸನದಲ್ಲಿ ಹೂದೋಟದ ಉದ್ದ 270 ಮೊಳ, ದೇವರಿಗೆ ದಿನಕ್ಕೆ 50 ಹೂಮಾಲೆ ಎಂದಿದೆ. ಆ ಪುಟ್ಟ ಸೊನ್ನೆ ಅಳಿಸಿದರೆ ದೇವರಿಗೆ ಐದೇ ಮಾಲೆ!

ಮೊನ್ನೆ ಮಗಳು ಕೇಳಿದಳು: “ಅಮ್ಮಾ, ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ವಾ?”

ಹೌದು ಎನ್ನಲು ಬಾಯಿ ಬರಲಿಲ್ಲ. ಅತ್ತೆ ತೀರಿಕೊಂಡು ವರ್ಷವಾಯಿತು. ಈಗಲೂ ನಾಲ್ವರ ಊಟಕ್ಕೆ ನನ್ನ ಕೈ ಐದು ತಟ್ಟೆ ತೆಗೆಯುತ್ತದೆ. ಗೋಡೆ ಪಕ್ಕ ಅವರು ಮಣೆ ಹಾಕಿಕೊಳ್ಳುತ್ತಿದ್ದ ಕಡೆ ಯಾರೂ ಕೂರುವುದಿಲ್ಲ. ಅದನ್ನು ‘ಏನೂ ಇಲ್ಲ’ ಎನ್ನಲು ನನಗಾಗದು. 205ರ ನಡುವೆ ಹತ್ತರ ಸ್ಥಾನ ಖಾಲಿ. ಆದರೂ ಅಲ್ಲಿನ ಸೊನ್ನೆ ಕಿತ್ತು ಅಂಕಿಗಳನ್ನು ಒತ್ತರಿಸಿದರೆ ಉಳಿಯುವುದು 25 ಮಾತ್ರ.

ಸಾವಿನ ಮನೆಗೆ ಬಂದವರು “ಮರೆತುಬಿಡಿ” ಅಂತಾರೆ. ಮರೆಯಬೇಕಿಲ್ಲ, ಸೋದರಿಯರೇ. ಜಾಗ ಇರಲಿ, ಲೆಕ್ಕವೂ ಮುಂದೆ ಸಾಗಲಿ.

ನಿನ್ನೆ ಅಕ್ಕಿ ಡಬ್ಬಿಯ ಮುಂದೆ ಮಗಳೇ ಪಾವು ಹಿಡಿದು ಕೂತಳು. ಮೊದಲ ಅಳತೆ ಸುರಿಯುತ್ತಾ, ಯಾರೂ ಹೇಳಿಕೊಡದೆ, “ಲಾಭ” ಅಂದಳು.